ಇದ್ದಾ ಮುಗಿಯುವ ತನಕ

ಸೌದಿಯ ಬುರೈದಾದ ಹೊಲಿಗೆಮನೆಯಲ್ಲಿ ನಸೀಬಾಳ ಪಕ್ಕದ ಮಷಿನ್ನಿಗೆ ಮ್ವನಾಯಿಶಾ ಬಂದು ಕೂತಾಗ ಇಬ್ಬರ ನಡುವೆ ಮಾತಿಗೆ ಸರಿಯಾದ ಒಂದು ಭಾಷೆಯೂ ಇರಲಿಲ್ಲ. ಒಬ್ಬಳು ವಿಟ್ಲದ ಕಡೆಯ ಬ್ಯಾರಿ ಹೆಂಗಸು, ಇನ್ನೊಬ್ಬಳು ಕೀನ್ಯಾದ ಕಡಲ ದಂಡೆಯವಳು. ಒಡತಿ ಉಮ್ಮು ಫಹದ್ ಬೈಯುವಾಗ ಕಿವಿಗೆ ಬಿದ್ದ ಅರಬ್ಬಿಯೇ ಇಬ್ಬರ ಬಂಡವಾಳ. ಮೊದಲ ವಾರವಿಡೀ ಅಬಾಯಾಗಳ ಅಂಚು ಹೊಲಿಯುತ್ತ ಒಬ್ಬರನ್ನೊಬ್ಬರು ನೋಡಿ ನಕ್ಕದ್ದಷ್ಟೇ. ಆಮೇಲೊಂದು ಮಧ್ಯಾಹ್ನ ಮ್ವನಾಯಿಶಾ ಬುತ್ತಿ ಬಿಚ್ಚಿದಾಗ ತೆಂಗಿನಹಾಲಿನಲ್ಲಿ ಬೆಂದ ಅನ್ನದ ಪರಿಮಳ ಬಂತು. ನಸೀಬಾ ಕೇಳದೆಯೇ ಕೈ ಚಾಚಿದಳು. ಅಲ್ಲಿಂದ ಇಬ್ಬರ ಊಟ ಒಂದೇ ಆಯಿತು.

ಮಾತು ಕೂಡಿಬಂದ ಹಾಗೆ ಒಬ್ಬಳ ಊರು ಇನ್ನೊಬ್ಬಳಿಗೆ ಪರಿಚಯವಾಯಿತು. ಮ್ವನಾಯಿಶಾಳದ್ದು ಕ್ವಾಲೆ ಎಂಬ ಜಿಲ್ಲೆಯಲ್ಲಿ ಕಡಲಿಗೆ ಹತ್ತಿರದ ಹಳ್ಳಿ. ತೆಂಗು, ಗೇರು, ಹಲಸು, ಮರಗೆಣಸು. ಮ್ವನಾಯಿಶಾಳ ಗಂಡ ಬೇರೆ ಮದುವೆಯಾಗಿ ಹೋಗಿದ್ದ. ಮಗಳು ಸಿತಿಯನ್ನು ಅಜ್ಜಿ ನೋಡಿಕೊಳ್ಳುತ್ತಿದ್ದಳು. ಎರಡು ವರ್ಷದ ಕರಾರು ಮುಗಿದರೆ ಮತ್ತೆ ಇಲ್ಲಿಗೆ ಬರುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಹಾಗೆ ಹೇಳುವವರು ಹೊಲಿಗೆಮನೆಯಲ್ಲಿ ಬಹಳ ಮಂದಿ ಇದ್ದರು. ಆದರೆ ಮ್ವನಾಯಿಶಾ ಹೇಳಿದರೆ ನಂಬುವ ಹಾಗಿತ್ತು, ಏಕೆಂದರೆ ಊರಿನಲ್ಲಿ ಅವಳಿಗಾಗಿ ಒಂದು ಕೆಲಸ ಕಾದಿತ್ತು.

"ನಮ್ಮಲ್ಲಿ ಹೆಂಗಸರದ್ದು ಒಂದು ಸಂಘ ಉಂಟು, ಉಮ್ಮು ಹಿಬಾ" ಎಂದಳು ಒಮ್ಮೆ. ನಸೀಬಾಳನ್ನು ಅಲ್ಲಿ ಎಲ್ಲರೂ ಮಗಳ ಹೆಸರಿನಿಂದಲೇ, ಹಿಬಾಳ ತಾಯಿ ಎಂದೇ ಕರೆಯುವುದು. "ನಾನೇ ಅದರ ಅಧ್ಯಕ್ಷೆ. ಇಲ್ಲಿಗೆ ಬಂದ ಮೇಲೂ ಬೇರೆಯವರನ್ನು ಆರಿಸಲಿಲ್ಲ. ಪೇಟೆಯ ಸಂಸ್ಥೆಯೊಂದು ಸಣ್ಣ ಸಣ್ಣ ಸಾಲ ಕೊಟ್ಟಿತು. ವ್ಯಾಪಾರ ಮಾಡುವುದು ಹೇಗೆಂದು ಮಾವಿನ ಮರದ ಅಡಿಯಲ್ಲಿ ಕೂರಿಸಿ ಕಲಿಸಿತು. ಒಬ್ಬಳು ಕೋಳಿ ತೆಗೆದುಕೊಂಡಳು, ಒಬ್ಬಳು ಬಟ್ಟೆ, ಒಬ್ಬಳು ಮೀನು. ಎಲ್ಲರದ್ದೂ ಕಟ್ಟಿ ಮುಗಿದರೆ ದೊಡ್ಡ ಸಾಲ ಸಿಗುತ್ತದೆ. ಅದರಲ್ಲಿ ಎಣ್ಣೆಯ ಗಾಣ ಹಾಕುವುದು. ಮಷಿನ್ನಿನ ಗಾಣ. ನಡೆಸುವವಳು ನಾನು."

"ಒಬ್ಬಳು ಕಟ್ಟದಿದ್ದರೆ?" ಎಂದು ಕೇಳಿದಳು ನಸೀಬಾ.

"ಉಳಿದವರು ಕಟ್ಟಬೇಕು. ಎಲ್ಲರಿಗೂ ಎಲ್ಲರೂ ಜಾಮೀನು."

ನಸೀಬಾ ತುತ್ತನ್ನು ಡಬ್ಬಿಗೆ ವಾಪಸು ಹಾಕಿ ಮುಚ್ಚಳ ಒತ್ತಿದಳು. ಹಸಿವಿಲ್ಲ ಎಂದಳು. ಮ್ವನಾಯಿಶಾಳಿಗೆ ಅದೇನೆಂದು ತಿಳಿಯಲಿಲ್ಲ.

ಹೊಲಿಗೆಮನೆಯ ಮೇಲಿನ ಕೋಣೆಯಲ್ಲಿ ಬೇರೆ ಹೆಂಗಸರ ಜೊತೆ ಮ್ವನಾಯಿಶಾಳ ವಾಸ. ಅಲ್ಲಿ ಫೋನಿಗೆ ನೆಟ್‌ವರ್ಕ್ ಸಿಕ್ಕಿದರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಸಂಘದ ಸಭೆ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ. ಕೀನ್ಯಾದ ಗಡಿಯಾರವೂ ಸೌದಿಯ ಗಡಿಯಾರವೂ ಒಂದೇ ಸಮಯ ತೋರಿಸುವುದರಿಂದ ಆ ಹೊತ್ತಿಗೆ ಇಲ್ಲಿಯೂ ರಜೆ. ಉಮ್ಮು ಫಹದ್‌ಳ ಒಪ್ಪಿಗೆ ಪಡೆದು ನಸೀಬಾ ಅವಳನ್ನು ಪ್ರತಿ ಶುಕ್ರವಾರ ತನ್ನ ಮನೆಗೆ ಕರೆಯತೊಡಗಿದಳು. ಸಂಘದ ಸುದ್ದಿಯೇ ತನಗೆ ಬೇಡವಾಗಿದ್ದರೂ ಗೆಳತಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಮ್ವನಾಯಿಶಾ ಹಜಾರದ ಜಮಖಾನೆಯ ಮೇಲೆ ಕೂತು ಫೋನಿನಲ್ಲಿ ಸ್ವಾಹಿಲಿ ಮಾತಾಡುತ್ತಿದ್ದರೆ ನಸೀಬಾ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಉಳಿಯುತ್ತಿದ್ದಳು.

ಖರ್ಜೂರದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ನಸೀಬಾಳ ಗಂಡ ಅಬ್ದುಲ್ ಜಲೀಲ್‌ಗೆ ಇದೊಂದು ಕುತೂಹಲ. "ಒಳ್ಳೆಯ ಕೆಲಸ ಮಾಡ್ತಾರೆ ಮಾರಾಯ್ತಿ. ನೀನು ಸಹ ಕೂತು ಎಂತಾದರೂ ಹೇಳಿಕೊಡಬಹುದಲ್ಲ" ಎಂದ.

"ನಮ್ಮ ಉಮ್ಮನ ಸಂಘ ಎಂತ ಮಾಡಿತು ಅಂತ ನಿಮಗೆ ಗೊತ್ತುಂಟು. ನನ್ನನ್ನು ಅದಕ್ಕೆ ಕರೀಬೇಡಿ" ಎಂದಳು ಅವಳು. ಹೆಂಡತಿಯ ತಾಯಿಯ ಕಥೆ ಗೊತ್ತಿದ್ದ ಜಲೀಲ್ ಮತ್ತೆ ಆ ಮಾತೆತ್ತಲಿಲ್ಲ.

ಮಳೆಗಾಲದ ಗಾಳಿ ಏಳುವ ಮುಂಚೆ ಮ್ವನಾಯಿಶಾಳ ಹಳ್ಳಿಯಿಂದ ಕಡಲಿಗೆ ಹೋದ ದೋಣಿಯೊಂದು ಮಗುಚಿತು. ಅದರಲ್ಲಿದ್ದವನು ರೆಹೆಮಾ ಎಂಬವಳ ಗಂಡ. ಕೆಲವು ದಿನಗಳ ಮೇಲೆ ದೇಹ ದಡ ಸೇರಿತು. ರೆಹೆಮಾ ಸಂಘದವಳು. ಗಂಡ ತಂದ ಮೀನನ್ನು ದೊಡ್ಡ ಬಾಣಲೆಯಲ್ಲಿ ಹುರಿದು ದಾರಿಬದಿಯಲ್ಲಿ ಮಾರುತ್ತಿದ್ದಳು. ಬಾಣಲೆಗೂ ಬಲೆಗೂ ಸಂಘದ ಸಾಲ. ಬಲೆ ದೋಣಿಯ ಜೊತೆಗೇ ಹೋಗಿತ್ತು. ಅವಳು ಇದ್ದಾ ಕೂತಳು. ಗಂಡ ತೀರಿಹೋದ ಹೆಣ್ಣು ಮನೆಯ ಹೊರಗೆ ಕಾಲಿಡದೆ, ಅನ್ಯ ಗಂಡಸರ ಎದುರಿಗೆ ಬಾರದೆ ಕಳೆಯುವ ಆ ತಿಂಗಳುಗಳಲ್ಲಿ ವ್ಯಾಪಾರ ಎಲ್ಲಿಂದ ಬರಬೇಕು?

ಮೊದಲು ಸಂಘದವರೇ ಅವಳ ಪಾಲನ್ನು ಕೂಡಿಸಿ ಕಟ್ಟಿದರು. ಮತ್ತೊಮ್ಮೆ ಮ್ವನಾಯಿಶಾ ತನ್ನ ಸಂಬಳದಿಂದ ಕಳಿಸಿದಳು. ಆಮೇಲೆ ಎಲ್ಲರ ಕೈಯೂ ಬತ್ತಿತು. ಅಷ್ಟು ಹೊತ್ತಿಗೆ ದೊಡ್ಡ ಸಾಲದ ಅರ್ಜಿ ಮುಂದೆ ಹೋಗುವ ಕಾಲ ಬಂತು. ಸಂಸ್ಥೆಯ ಅಧಿಕಾರಿ ಹಳ್ಳಿಗೆ ಬಂದು, ಒಬ್ಬರ ಬಾಕಿ ಇದ್ದರೂ ಗಾಣ ಪಕ್ಕದ ಹಳ್ಳಿಯ ಸಂಘಕ್ಕೆ ಹೋಗುತ್ತದೆ ಎಂದು ಹೇಳಿಹೋದ. ಹೆದರಿಸಲು ಹೇಳಿದ್ದಲ್ಲ, ನಿಯಮ ಇದ್ದದ್ದೇ ಹಾಗೆ.

ಆ ಶುಕ್ರವಾರ ಮ್ವನಾಯಿಶಾಳ ಮುಖ ಬಿಗಿದುಕೊಂಡಿತ್ತು. ಫೋನಿನಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವ ಗದ್ದಲ. ರೆಹೆಮಾಳ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ನಸೀಬಾ ಅಡುಗೆಮನೆಯಿಂದ ಚಹಾ ತಂದಿಟ್ಟು ಹಿಂದಿರುಗದೆ ಅಲ್ಲೇ ನಿಂತಳು.

"ಎಂತ ಹೇಳ್ತಿದ್ದಾರೆ?"

ಮ್ವನಾಯಿಶಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು. "ಇಂದೇ ಎಲ್ಲರೂ ರೆಹೆಮಾಳ ಮನೆಗೆ ಹೋಗುವುದು ಅಂತ. ಅವಳ ಆಡುಗಳು, ಬಾಣಲೆ, ಮಾಡಿನ ತಗಡು ಮಾರಿದರೆ ಬಾಕಿ ತೀರುತ್ತದೆ. ಅಧಿಕಾರಿಯೂ ಬರ್ತಾನಂತೆ. ಅಧ್ಯಕ್ಷೆ ಒಂದು ಮಾತು ಹೇಳಲಿ ಅಂತ ಕಾಯ್ತಿದ್ದಾರೆ."

"ನೀನು ಎಂತ ಹೇಳ್ತಿ?"

"ಹೋಗಿ ಅಂತ ಹೇಳ್ತೇನೆ." ಅವಳು ನೆಲ ನೋಡುತ್ತಿದ್ದಳು. "ಮತ್ತೆ ಎಂತ ಹೇಳಲಿ? ಗಾಣ ಬಾರದಿದ್ದರೆ ನಾನು ಊರಿಗೆ ಹೋಗಿ ತಿನ್ನುವುದೆಂತ? ಸಿತಿ ನನ್ನ ಮುಖ ಮರೆಯುತ್ತಿದ್ದಾಳೆ."

ನಸೀಬಾ ಜಮಖಾನೆಯ ಮೇಲೆ ಕೂತಳು. ತನ್ನ ಬಾಯಿಂದ ಹೊರಟ ಮಾತು ಅವಳಿಗೇ ಹೊಸದೆನಿಸಿತು. "ಒಂದು ವಿಷಯ ಅವರಿಗೆ ನಾನು ಹೇಳಬೇಕು. ನೀನು ಅದನ್ನು ಸ್ವಾಹಿಲಿಯಲ್ಲಿ ಹೇಳ್ತೀಯಾ?"

ಮ್ವನಾಯಿಶಾ ಅವಳನ್ನೇ ನೋಡಿದಳು. ಏನು ಬರಲಿದೆ ಎಂದು ಅವಳಿಗೆ ಅರ್ಧ ತಿಳಿದಂತಿತ್ತು. ಫೋನನ್ನು ಇಬ್ಬರ ನಡುವೆ ಇಟ್ಟು, ಅತ್ತ ಇದ್ದವರಿಗೆ ಸುಮ್ಮನಿರಲು ಹೇಳಿದಳು.

ನಸೀಬಾ ಶುರುಮಾಡಿದಳು. ಅವಳಿಗೆ ಗೊತ್ತಿದ್ದ ಅರಬ್ಬಿಯಲ್ಲಿ ಅಷ್ಟು ದೊಡ್ಡ ಮಾತಿಗೆ ಪದಗಳಿರಲಿಲ್ಲ. ಆದ್ದರಿಂದ ಮಾತುಗಳೆಲ್ಲ ಚಿಕ್ಕವಾಗಿ ಬಂದವು.

"ನನ್ನ ಉಮ್ಮನ ಹೆಸರು ಜಮೀಲಮ್ಮ. ನಮ್ಮ ಊರಲ್ಲಿಯೂ ಸಂಘ ಇತ್ತು. ಉಮ್ಮ ಸಾಲ ತೆಗೆದು ನನಗೆ ಹೊಲಿಗೆ ಮಷಿನ್ ತಂದುಕೊಟ್ಟಳು."

ಮ್ವನಾಯಿಶಾ ಅದನ್ನು ಸ್ವಾಹಿಲಿಗೆ ತಿರುಗಿಸಿದಳು.

"ನನ್ನ ಉಪ್ಪ ಮೊಯಿದಿನಬ್ಬ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ ಹೋಗ್ತಿದ್ದರು. ಒಂದು ದಿನ ಕೋರೆಯ ಗೋಡೆ ಅವರ ಮೇಲೆ ಬಿತ್ತು. ಉಮ್ಮ ಇದ್ದಾ ಕೂತಳು."

ಈ ಬಾರಿ ಅನುವಾದದ ಕೊನೆಯಲ್ಲಿ 'ಎದಾ' ಎಂಬ ಶಬ್ದ ಕೇಳಿತು. ಇಲ್ಲಿನ ಇದ್ದಾ ಅಲ್ಲಿ ಎದಾ ಎಂದು ನಸೀಬಾಳಿಗೆ ಗೊತ್ತಾಯಿತು. ಅತ್ತ ಕಡೆಯ ಗುಸುಗುಸು ನಿಂತಿತು.

"ಕಂತು ತಪ್ಪಿತು. ಸಂಘದವರು ಬಂದು ನಮ್ಮ ಜಗಲಿಯಲ್ಲಿ ಕೂತರು. ಕೆಟ್ಟವರಲ್ಲ. ಉಪ್ಪನ ಮಯ್ಯತ್ತನ್ನು ಮಣ್ಣು ಮಾಡಿದ ದಿನ ನಮಗೆ ಗಂಜಿ ಮಾಡಿ ತಂದವರು. ಉಮ್ಮನ ಕಂತು ಬಾರದೆ ಅವರಿಗೂ ಮನೆಗೆ ಹೋಗುವ ಹಾಗಿರಲಿಲ್ಲ. ಸಾಲದ ಅಧಿಕಾರಿ ಅಂಗಳದ ಗೇರುಮರದ ಅಡಿಯಲ್ಲಿ ಬೈಕಿನ ಮೇಲೆ ಕೂತಿದ್ದ. ಮಧ್ಯಾಹ್ನವಾಯಿತು, ಯಾರೂ ಏಳಲಿಲ್ಲ. ಸಂಜೆ ಆಗುವಾಗ ಉಮ್ಮ ಪರದೆ ಸರಿಸಿ ಹೊರಗೆ ಬಂದಳು. ಅನ್ಯ ಗಂಡಸಿನ ಎದುರು ನಿಂತು ಮಷಿನ್ ಕೊಂಡುಹೋಗಿ ಅಂದಳು."

ಇಲ್ಲಿ ಮ್ವನಾಯಿಶಾ ತಡೆದಳು. ಅವಳು ಬೇಕಾದರೆ ಏನನ್ನಾದರೂ ಹೇಳಬಹುದಿತ್ತು. ಆ ಮಷಿನ್ ಕೊಟ್ಟು ಎಲ್ಲ ಸುಖವಾಯಿತು ಎಂದರೂ ನಸೀಬಾಳಿಗೆ ತಿಳಿಯುತ್ತಿರಲಿಲ್ಲ, ಆಚೆಯವರಿಗೂ ತಿಳಿಯುತ್ತಿರಲಿಲ್ಲ. ನಸೀಬಾ ಅದನ್ನು ಆ ಕ್ಷಣದಲ್ಲೇ ಯೋಚಿಸಿದಳು, ಮತ್ತು ಯೋಚಿಸಿದ್ದಕ್ಕೆ ನಾಚಿದಳು. ಮ್ವನಾಯಿಶಾ ಕಣ್ಣು ಮುಚ್ಚಿ ನಿಧಾನವಾಗಿ, ಒಂದೊಂದೇ ಮಾತನ್ನು ನೆಲದಿಂದ ಹೆಕ್ಕಿ ಕೊಡುವವಳ ಹಾಗೆ ಹೇಳಿ ಮುಗಿಸಿದಳು. ಫೋನಿನ ಆಚೆ ಯಾರೋ ಮುದುಕಿ ಅಲ್ಲಾಹನ ಹೆಸರು ಹೇಳಿ ಬಿಕ್ಕಿದ್ದು ಕೇಳಿತು.

"ಮಷಿನ್ ಹೋದದ್ದು ದೊಡ್ಡದಲ್ಲ" ಎಂದಳು ನಸೀಬಾ. "ಆಮೇಲೆ ಆ ಹೆಂಗಸರಲ್ಲಿ ಒಬ್ಬಳೂ ನಮ್ಮ ಮನೆಗೆ ಬರಲಿಲ್ಲ. ನನ್ನ ಮದುವೆಗೂ ಬರಲಿಲ್ಲ. ಅವರಿಗೆ ನಾಚಿಕೆ. ಉಮ್ಮನಿಗೂ ನಾಚಿಕೆ. ಒಂದೇ ಬಾವಿಯ ನೀರು ಸೇದುವವರು ಬೇರೆ ಬೇರೆ ಹೊತ್ತಿನಲ್ಲಿ ಬಾವಿಗೆ ಹೋಗ್ತಿದ್ದರು. ನೀವು ಹೋಗುದಾದರೆ ಇದನ್ನು ತಿಳಿದು ಹೋಗಿ. ಇಷ್ಟೇ."

ಅಲ್ಲಿ ಬಹಳ ಹೊತ್ತು ಮಾತಾಯಿತು. ಜಗಳವೂ ಆಯಿತು. ಗಾಣ ಬೇಡವೇ ಎಂದು ಒಬ್ಬಳು ಕೂಗಿದ್ದು ಮ್ವನಾಯಿಶಾಳ ಮುಖದಿಂದಲೇ ತಿಳಿಯುತ್ತಿತ್ತು. ಕಡೆಗೆ ಅವರು ಅಧ್ಯಕ್ಷೆಯನ್ನೇ ಕೇಳಿದರು. ಮ್ವನಾಯಿಶಾ ಒಂದೇ ಮಾತು ಹೇಳಿ ಫೋನ್ ಇಟ್ಟಳು.

"ಎಂತ ಹೇಳಿದೆ?"

"ಇದ್ದಾ ಮುಗಿಯುವ ತನಕ ಯಾರೂ ಅವಳ ಮನೆಗೆ ಹೋಗಬಾರದು ಅಂದೆ." ಅವಳು ಎದ್ದು ಅಬಾಯಾ ಹಾಕಿಕೊಂಡಳು. ಚಹಾ ಹಾಗೆಯೇ ತಣ್ಣಗಾಗಿತ್ತು.

ಸಂಜೆ ನಸೀಬಾ ಊರಿಗೆ ಫೋನ್ ಮಾಡಿ ಉಮ್ಮನಿಗೆ ನಡೆದದ್ದನ್ನು ಹೇಳಿದಳು. ಜಮೀಲಮ್ಮನಿಗೆ ಸಿಟ್ಟು ಬಂತು.

"ನಿನಗೆ ಬೇರೆ ಎಂತ ಸಿಗಲಿಲ್ಲವಾ ಹೇಳ್ಲಿಕ್ಕೆ? ನಾನು ಯಾರ ಹತ್ತಿರವೂ ಆಡದ್ದನ್ನು ಕಾಣದ ಊರಿನವರಿಗೆ ಹೇಳಿದೆಯಲ್ಲ."

"ತಪ್ಪಾಯ್ತು, ಉಮ್ಮ."

ಉಮ್ಮ ಫೋನ್ ಇಡಲಿಲ್ಲ. "ಅವರು ಎಂತ ಹೇಳಿದರು?"

"ಹೋಗುದಿಲ್ಲ ಅಂದರು."

"ಆ ಹೆಂಗಸಿನ ಮನೆಗೆ ಹೋಗುದಿಲ್ಲ ಅಂತಲಾ?"

"ಹೌದು."

"ಹಾಗಾದರೆ ಆಯ್ತು" ಎಂದಳು ಜಮೀಲಮ್ಮ. ಅದನ್ನೇ ಇನ್ನೊಮ್ಮೆ ಹೇಳಿ ಫೋನ್ ಇಟ್ಟಳು.

ಗಾಣ ಪಕ್ಕದ ಹಳ್ಳಿಗೆ ಹೋಯಿತು. ಅಧಿಕಾರಿ ಬಂದು ಮಾವಿನ ಮರದಡಿ ಚಹಾ ಕುಡಿದು, ತನ್ನ ಕೈಯಲ್ಲಿ ಏನೂ ಇಲ್ಲವೆಂದು ಹೇಳಿ ಹೋದನಂತೆ. ಅವನಿಗೂ ಬೇಸರವಾದ ಹಾಗಿತ್ತಂತೆ. ಸಂಘದ ಕೆಲವರು ಸಿಟ್ಟಾಗಿ ಬಿಟ್ಟುಹೋದರು. ಹೋದವರು ಪಕ್ಕದ ಹಳ್ಳಿಯ ಸಂಘ ಸೇರಿದರು.

ಮ್ವನಾಯಿಶಾಳ ಕರಾರು ಮುಗಿಯುತ್ತ ಬಂದಿತ್ತು. ಉಮ್ಮು ಫಹದ್ ಅವಳನ್ನು ಕರೆದು ಇರುತ್ತೀಯಾ ಹೋಗುತ್ತೀಯಾ ಎಂದು ಕೇಳಿದಳು. ಅವಳು ಇರುತ್ತೇನೆಂದು ಇನ್ನೆರಡು ವರ್ಷಕ್ಕೆ ಸಹಿ ಹಾಕಿ, ಮಷಿನ್ನಿಗೆ ಮರಳಿ, ಬಿಟ್ಟ ಹೊಲಿಗೆಯನ್ನು ಬಿಟ್ಟಲ್ಲಿಂದಲೇ ಹಿಡಿದಳು. ನಸೀಬಾಳ ಕಡೆಗೆ ತಿರುಗಲಿಲ್ಲ. ಊಟಕ್ಕೆ ಬೇರೆಯವರ ಜೊತೆ ಕೂತಳು. ಶುಕ್ರವಾರ ಬರಲಿಲ್ಲ.

ಹೀಗೆ ಕೆಲವು ವಾರ ಕಳೆಯಿತು. ಮಗ್ಗುಲಲ್ಲೇ ಕೂತವಳ ಮೌನ ನಸೀಬಾಳನ್ನು ತಿನ್ನುತ್ತಿತ್ತು. ತಾನು ಹೇಳಿದ್ದು ಸರಿ ಎಂದು ಅವಳಿಗೆ ಅನುಮಾನವಿರಲಿಲ್ಲ. ಆದರೆ ಆ ಸರಿಯ ಖರ್ಚು ಬಿದ್ದದ್ದು ಮ್ವನಾಯಿಶಾಳ ಮೇಲೆ, ಅವಳ ಮಗಳ ಮೇಲೆ. ತಾನಾದರೋ ಸಂಜೆಗೆ ಮನೆಗೆ ಹೋಗಿ ಹಿಬಾಳ ತಲೆ ಬಾಚುತ್ತಿದ್ದಳು.

"ಆ ರೆಹೆಮಾಳ ಬಾಕಿ ನಾವೇ ಕೊಟ್ಟುಬಿಡುವಾ. ಅವರ ಹೆಸರಾದರೂ ಉಳೀತದೆ" ಎಂದ ಜಲೀಲ್, ಹೆಂಡತಿಯ ಮುಖ ನೋಡಲಾರದೆ.

ನಸೀಬಾ ಮರುದಿನ ಮಷಿನ್ನಿನ ಬಳಿಯೇ ಅದನ್ನು ಹೇಳಿದಳು. ಮ್ವನಾಯಿಶಾ ಕತ್ತರಿ ಕೆಳಗಿಟ್ಟಳು. "ಬೇಡ. ನೀನು ಒಮ್ಮೆ ಕೊಟ್ಟರೆ ಮುಂದೆ ಯಾರೂ ಕಟ್ಟುವುದಿಲ್ಲ. ಸೌದಿಯಲ್ಲಿ ಒಬ್ಬಳಿದ್ದಾಳೆ, ಕೊಡುತ್ತಾಳೆ ಅಂತಾರೆ. ಆಮೇಲೆ ಅದು ಸಂಘ ಅಲ್ಲ." ಅವಳ ದನಿ ಗಡುಸಾಗಿತ್ತು. "ನಿನ್ನಿಂದ ನನಗೆ ಹಣ ಬೇಡ. ನನ್ನ ಎರಡು ವರ್ಷ ನಿನ್ನ ಹತ್ತಿರ ಇಲ್ಲ. ಇದ್ದರೆ ಕೊಡು."

ನಸೀಬಾ ಬಟ್ಟೆಯನ್ನು ಮಷಿನ್ನಿಗೆ ಒಡ್ಡಿದಳು. ಆದರೆ ಮಧ್ಯಾಹ್ನ ಅವಳು ತನ್ನ ಬುತ್ತಿ ಹಿಡಿದು ಮ್ವನಾಯಿಶಾ ಕೂತಲ್ಲಿಗೇ ಹೋಗಿ ಕೂತಳು. ಮ್ವನಾಯಿಶಾಳಿಗೆ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ.

"ನಿಮ್ಮ ಊರಲ್ಲಿ ಹಲಸು ಉಂಟು ಅಂತ ನೀನು ಹೇಳಿದ್ದೆ. ಎಂತ ಮಾಡ್ತೀರಿ ಅದನ್ನು?"

"ತಿನ್ನುತ್ತೇವೆ. ಉಳಿದದ್ದು ಮರದ ಅಡಿಯಲ್ಲೇ ಕೊಳೆಯುತ್ತದೆ."

"ನಮ್ಮಲ್ಲಿ ಅದರ ಹಪ್ಪಳ ಮಾಡ್ತೇವೆ. ಗಾಣ ಬೇಡ, ಮಷಿನ್ ಬೇಡ. ಬಿಸಿಲು ಸಾಕು."

ಮ್ವನಾಯಿಶಾ ಉಳಿದ ಅನ್ನ ತಿಂದು ಮುಗಿಸಿದಳು. ಡಬ್ಬಿ ತೊಳೆದು ಬಂದ ಮೇಲೆ ಕೇಳಿದಳು: "ಎಷ್ಟು ದಿನ ಒಣಗಬೇಕು?"

ಮುಂದಿನ ಶುಕ್ರವಾರ ಅವಳು ಬಂದಳು. ಈ ಬಾರಿ ನಸೀಬಾ ಅಡುಗೆಮನೆಗೆ ಹೋಗದೆ ಫೋನಿನ ಎದುರು ಕೂತು ಹಪ್ಪಳದ ಪಾಠ ಹೇಳಿದಳು, ಮ್ವನಾಯಿಶಾ ಅದನ್ನು ತಿರುಗಿಸಿದಳು. ಹಲಸು ಬಲಿತಿರಬೇಕು, ಹಣ್ಣಾಗಿರಬಾರದು, ತೊಳೆಗಳನ್ನು ಹಬೆಯಲ್ಲಿ ಬೇಯಿಸಿ ಬಿಸಿಯಿರುವಾಗಲೇ ಕುಟ್ಟಬೇಕು, ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಉಂಡೆ ಕಟ್ಟಿ, ಎಣ್ಣೆ ಸವರಿದ ಹಾಳೆಗಳ ನಡುವೆ ಒತ್ತಬೇಕು. ನಿಂತು ಕುಟ್ಟುವ ಮರದ ಒರಳು ಅಲ್ಲಿ ಮನೆಮನೆಯಲ್ಲಿಯೂ ಇತ್ತು. ಮೊದಲನೆಯ ಸಲ ಒಣಗುವ ಮುಂಚೆ ಮಳೆ ಬಂದು ಎಲ್ಲದಕ್ಕೂ ಬೂಷ್ಟು ಹಿಡಿಯಿತು. ಇನ್ನೊಬ್ಬಳು ಸಂಘ ಬಿಟ್ಟಳು. ಎರಡನೆಯ ಸಲದ್ದು ಗರಿಗರಿಯಾಗಿ ಬಂತು. ಶಾಲೆಯ ಎದುರು ಇಟ್ಟದ್ದು ಮಕ್ಕಳು ಮನೆಗೆ ಹೋಗುವಷ್ಟರಲ್ಲಿ ಖಾಲಿ.

ಅಲ್ಲಿಂದ ಬೆಲೆಯ ಪಾಠ. ಸೌದೆಗೆ, ಎಣ್ಣೆಗೆ ಲೆಕ್ಕ ಹಾಕಿ ಹೆಂಗಸರು ಸುಮ್ಮನಾದರು. ಕುಟ್ಟಿದ ಕೈಗೆ ಎಷ್ಟು ಎಂದು ನಸೀಬಾ ಕೇಳಿದಾಗ ಆಚೆಯಿಂದ ಬರೀ ನಗು.

"ನಮ್ಮ ಕೈಗೂ ಕೂಲಿಯಾ ಅಂತ ಕೇಳ್ತಾರೆ" ಎಂದಳು ಮ್ವನಾಯಿಶಾ.

"ಉಮ್ಮು ಫಹದ್ ನಮಗೆ ಕೊಡುವುದು ಎಂತದಕ್ಕೆ ಅಂತ ಕೇಳು ಅವರನ್ನು."

ಅದನ್ನು ತಿರುಗಿಸಿ ಹೇಳುವಾಗ ಮ್ವನಾಯಿಶಾಳ ದನಿ ತುಂಬಿಬಂತು. ಅತ್ತ ನಗು ನಿಂತಿತು. ಆ ದಿನ ಹಪ್ಪಳಕ್ಕೆ ಹೊಸ ಬೆಲೆ ಬಂತು.

ರೆಹೆಮಾಳ ಇದ್ದಾ ಮುಗಿಯಿತು. ಮುಗಿದ ವಾರವೇ ಅವಳು ತಾನಾಗಿ ಸಭೆಗೆ ಬಂದಳು. ಬಾಣಲೆಯನ್ನು ತಲೆಯ ಮೇಲೆ ಹೊತ್ತು, ಆಡುಗಳನ್ನು ಹಗ್ಗದಲ್ಲಿ ಹಿಡಿದು ಬಂದು, ತೆಗೆದುಕೊಳ್ಳಿ ಎಂದು ಮರದ ಅಡಿಯಲ್ಲಿ ನಿಂತಳಂತೆ. ಕಡೆಗೆ ಒಂದು ಆಡನ್ನು ಸಂಘ ಇಟ್ಟುಕೊಂಡಿತು, ಉಳಿದದ್ದನ್ನು ಹಿಂದೆ ಕೊಟ್ಟಿತು. ಶಾಲೆಯ ಎದುರು ಹಪ್ಪಳ ಹುರಿಯುವ ಕೆಲಸವನ್ನು ಅವಳೇ ಮಾಡಲಿ, ಉಳಿದ ಬಾಕಿ ಅದರಲ್ಲಿ ಹರಿಯಲಿ ಎಂದು ಮಾತಾಯಿತು. ಎಣ್ಣೆಯ ಹದ ಅವಳಷ್ಟು ತಿಳಿದವರು ಅಲ್ಲಿ ಬೇರೆ ಇರಲಿಲ್ಲ.

ಆಮೇಲೆ ರೆಹೆಮಾ ಫೋನ್ ಕೇಳಿ ತೆಗೆದುಕೊಂಡಳು. ಅವಳ ದನಿ ನಸೀಬಾ ಎಣಿಸಿದ್ದಕ್ಕಿಂತ ಎಳೆಯದಾಗಿತ್ತು. ವಯಸ್ಸು ಇಪ್ಪತ್ತೈದು ದಾಟಿರಲಾರದು. ಅವಳು ಮಾತಾಡಿದ್ದು ಮ್ವನಾಯಿಶಾಳ ಜೊತೆ ಮಾತ್ರ. ಮ್ವನಾಯಿಶಾ ಕೇಳುತ್ತ ಕೇಳುತ್ತ ಗೋಡೆಯ ಕಡೆ ತಿರುಗಿದಳು. ಒಂದೆರಡು ಶಬ್ದ ಹೇಳಿ ಫೋನ್ ಇಟ್ಟು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ನೀರು ಹರಿಯುತ್ತಲೇ ಇತ್ತು. ನಸೀಬಾ ಹೋಗಿ ನಲ್ಲಿ ನಿಲ್ಲಿಸಿದಳು.

"ಕ್ಷಮಿಸು ಅಂದಳು" ಎಂದಳು ಮ್ವನಾಯಿಶಾ. "ನನ್ನಿಂದ ನಿನ್ನ ಮಗಳು ತಾಯಿಯಿಲ್ಲದೆ ಇದ್ದಾಳೆ ಅಂದಳು. ಕ್ಷಮಿಸಿದೆ ಅಂದೆ. ಹೇಳುವಾಗ ಮನಸ್ಸು ಪೂರ್ತಿ ಇರಲಿಲ್ಲ. ಹೇಳಿದ ಮೇಲೆ ಬರಬಹುದು."

ನಸೀಬಾ ಕೇಳಿದಳು: "ನನ್ನನ್ನು?"

ಮ್ವನಾಯಿಶಾ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು. ಸುಳ್ಳು ಹೇಳುವವಳಲ್ಲ ಅವಳು. "ಇನ್ನೂ ಇಲ್ಲ, ಉಮ್ಮು ಹಿಬಾ. ಸಿತಿ ಫೋನಿನಲ್ಲಿ ಅತ್ತ ದಿನ ನಿನ್ನ ಮೇಲೆ ಸಿಟ್ಟು ಬರುತ್ತದೆ. ಅವಳು ನಕ್ಕ ದಿನ ಇರುವುದಿಲ್ಲ." ಮತ್ತೆ ಹೇಳಿದಳು, "ಆದರೆ ಆ ದಿನ ನಾನು ನಿನ್ನ ಮಾತನ್ನು ತಿರುಚಿ ಹೇಳಿದ್ದರೆ, ಊರಿಗೆ ಹೋಗಿ ರೆಹೆಮಾಳ ಮನೆಯ ಎದುರು ಹೇಗೆ ನಡೆಯುತ್ತಿದ್ದೆ?"

ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳಿತು. ಇಬ್ಬರೂ ಕೈಕಾಲು ಮುಖ ತೊಳೆದು ವುಜೂ ಮಾಡಿ, ಹಜಾರದಲ್ಲಿ ಪಕ್ಕ ಪಕ್ಕ ಮುಸಲ್ಲಾ ಹಾಸಿ ನಿಂತರು. ನಮಾಜು ಮುಗಿಸಿದ ಮೇಲೆ ಮ್ವನಾಯಿಶಾ ಬೇಗ ಏಳಲಿಲ್ಲ. ಕೈ ಎತ್ತಿ ಬಹಳ ಹೊತ್ತು ಕೂತಳು. ಆಮೇಲೆ ಅಬಾಯಾ ಹಾಕಿಕೊಳ್ಳುತ್ತ, ಮುಂದಿನ ವಾರ ಹೆಂಗಸರಿಗೆ ತೂಕ ಮಾಡಿ ಪೊಟ್ಟಣ ಕಟ್ಟುವುದನ್ನು ಹೇಳಿಕೊಡಬೇಕು, ಮೊಂಬಾಸಾದ ಅಂಗಡಿಯವನೊಬ್ಬ ಹಪ್ಪಳ ಕೇಳಿದ್ದಾನೆ ಎಂದಳು. ನಸೀಬಾ ಮೆಟ್ಟಿಲ ತನಕ ಬಂದು ಅವಳನ್ನು ಬೀಳ್ಕೊಟ್ಟಳು.